ಚಿಗರಿಯ ಕಣ್ಣು ಮತ್ತು ಬಯಲು ಸೀಮೆ

ಅಹಮದಾಬಾದಿನಿಂದ ಭಾವನಗರಕ್ಕೆ ಹೋಗುವ ದಾರಿಯಲ್ಲಿ 'ಭಾಲ್' ಎಂಬ ಸೀಮೆ ಸಿಗುತ್ತದೆ. ಭಾಲ್ ಎಂದರೆ ಹಣೆ. ನೆಲ ಹಣೆಯಂತೆ ಬೋಳಾಗಿ ಸಮತಟ್ಟಾಗಿರುವುದರಿಂದ ಈ ಹೆಸರು ಬಂತೆಂದು ಇಲ್ಲಿನವರು ಹೇಳುವುದುಂಟು. ಈ ಸೀಮೆಯ ವೇಳಾವದರ್ ಹುಲ್ಲುಗಾವಲಿನಲ್ಲಿರುವ 'ಕಾಳಿಯಾರ್' ನಮಗೆ ಅಪರಿಚಿತವಲ್ಲ; ಧಾರವಾಡ, ಹಾವೇರಿಗಳ ಕಡೆಯವರು ಚಿಗರಿ ಎನ್ನುವ ಕೃಷ್ಣಮೃಗವೇ ಅದು. ಅದರ ಚರಿತ್ರೆಯನ್ನು ಅರಿಯಲು ಅದರ ಕಣ್ಣಿನ ರಚನೆಯನ್ನೂ ಅರಿಯಬೇಕಾಗುತ್ತದೆ.

ಕಣ್ಣಿನ ಹಿಂಬದಿಯ ಒಳಪದರವೇ ಅಕ್ಷಿಪಟಲ. ನೋಟವನ್ನು ಗ್ರಹಿಸಿ ಮಿದುಳಿಗೆ ಸಾಗಿಸುವ ಕೋಶಗಳು ಅದರಲ್ಲಿ ಒಂದೇ ಸಮನಾಗಿ ಹರಡಿರುವುದಿಲ್ಲ. ಮನುಷ್ಯನಲ್ಲಿ ಅವು ನಡುವಿನ ಸಣ್ಣ ತಾಣವೊಂದರ ಸುತ್ತ ದಟ್ಟವಾಗಿವೆ. ಆದ್ದರಿಂದಲೇ ಓದುವಾಗ ನಾವು ಕಣ್ಣು ಹೊರಳಿಸುತ್ತಾ ಹೋಗಬೇಕು. ಕುದುರೆ, ದನ, ಕುರಿ ಮೊದಲಾದ ಗೊರಸಿನ ಪ್ರಾಣಿಗಳಲ್ಲಾದರೋ ಅವು ಅಡ್ಡಲಾದ ಒಂದು ಪಟ್ಟಿಯಂತೆ ಒತ್ತಾಗಿವೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಕತ್ತು ತಿರುಗಿಸದೆಯೇ ದಿಗಂತದ ಬಹುಭಾಗ ಈ ಪಟ್ಟಿಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ.

ಡೆನ್ಮಾರ್ಕಿನ ಅಂಗರಚನಾ ಶಾಸ್ತ್ರಜ್ಞ ಕೀವಿಟ್ಸ್ 1889 ಮತ್ತು 1891ರಲ್ಲಿ ಹಲವು ಪ್ರಾಣಿಗಳ ಅಕ್ಷಿಪಟಲಗಳನ್ನು ಹೋಲಿಸಿ ಇಂಥ ಭೇದಗಳನ್ನು ವಿವರಿಸಿದನು. ಕಾರಣವನ್ನು ಸೂಚಿಸಿದವನು ಆಸ್ಟಿನ್ ಹ್ಯೂಸ್. ಬಯಲಿನ ಕಾಂಗರೂವಿನಲ್ಲಿ ಪಟ್ಟಿ ಎದ್ದು ಕಾಣುತ್ತದೆ, ಮರದ ಮೇಲೆ ಬಾಳುವ ಅದರ ದಾಯಾದಿಯಲ್ಲಿ ಅಷ್ಟಾಗಿ ಇಲ್ಲವೆಂದು ಅವನು 1975ರಲ್ಲಿ ತೋರಿಸಿದನು. ತೆರೆದ ನೆಲದಲ್ಲಿ ವಾಸಿಸುವ ಜೀವಿಗೆ ಮಾತ್ರ ದಿಗಂತದ ಗೆರೆ ಮುಖ್ಯವೆಂಬುದು ಅವನ ವಾದ. 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸೀಳುಗೊರಸಿನ ಪ್ರಾಣಿಗಳಲ್ಲೂ ಕೋಶಗಳ ಹಂಚಿಕೆಯನ್ನು ಅವುಗಳ ಎತ್ತರ ಮತ್ತು ನೆಲೆಗಳೊಡನೆ ತಾಳೆ ನೋಡಿತು. ತಲೆ ತಗ್ಗಿಸಿ ಮೇಯುವಾಗ ದಿಗಂತ ಓರೆಯಾಗಬೇಡವೆ? ಕುರಿ, ಮೇಕೆ, ಕುದುರೆಗಳ ಕಣ್ಣುಗುಡ್ಡೆಗಳೇ ಆಗ ಗೂಡಿನೊಳಗೆ ತಿರುಗಿ ಸಮವಾಗಿ ನಿಲ್ಲುತ್ತವೆ ಎಂದು 2015ರಲ್ಲಿ ವಿಜ್ಞಾನಿಗಳು ತೋರಿಸಿದರು.

ಈ ಮಾತು ನಮ್ಮ ಹಿಂದಿನ ಬೇಟೆಗಾರರಿಗೆ ಅನುಭವದಿಂದಲೇ ತಿಳಿದಿತ್ತು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೇ ಸಿವಂಗಿಯನ್ನು, ಎಂದರೆ ಚೀತಾವನ್ನು, ಬಿಟ್ಟು ಜಿಂಕೆ ಹಿಡಿಸುವ ವಿನೋದದ ಪ್ರಸ್ತಾಪವಿದೆ. ಬಯಲಿನಲ್ಲಿ ನಡೆದು ಬರುವ ಮನುಷ್ಯನನ್ನು ಚಿಗರಿ ದೂರದಿಂದಲೇ ಕಂಡು ಓಡುತ್ತದೆ. ಆದರೆ ದಿನವೂ ಹೊಲಕ್ಕೆ ಹೋಗಿಬರುವ ಎತ್ತಿನ ಗಾಡಿಗೆ ಅದು ಹೆದರದು. ಆದ್ದರಿಂದ ಕಣ್ಣು ಕಟ್ಟಿದ ಸಿವಂಗಿಯನ್ನು ಗಾಡಿಯಲ್ಲಿ ಕೂರಿಸಿ ಸಮೀಪಕ್ಕೆ ಒಯ್ದು ಬಿಡುತ್ತಿದ್ದರು. ಚಿಗರಿಯ ನೋಟವನ್ನು ತಪ್ಪಿಸಲಾಗದೆ, ಅದರ ನಂಬಿಕೆಯನ್ನು ಬಳಸಿಕೊಂಡರು! ದೇಶದ ಸಿವಂಗಿಗಳು ವಿರಳವಾದ ಮೇಲೆ ಭಾವನಗರ, ಕೊಲ್ಹಾಪುರ ಸಂಸ್ಥಾನಗಳು ಈ ಆಟಕ್ಕಾಗಿ ಆಫ್ರಿಕಾದಿಂದ ಅವನ್ನು ತರಿಸಿದವು.

ಸಿವಂಗಿಗಿಂತ ದೊಡ್ಡ ಅಪಾಯ ಬಂದದ್ದು ಬಯಲು ಕರಗಿದಾಗ. ಭಾವನಗರ ಅರಸರ ಹುಲ್ಲುಗಾವಲಾಗಿದ್ದ ವೇಳಾವದರ್‌ನಲ್ಲಿ ಉಳಿದ ಸುಮಾರು 34 ಚದರ ಕಿಲೋಮೀಟರ್ ನೆಲ 1976ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಗೂ 'ಗಾಂಡೊ ಬಾವಳ್', ಅಂದರೆ ನಮ್ಮ ಬಳ್ಳಾರಿ ಜಾಲಿ, ನುಗ್ಗಿತು. ಅದನ್ನು ಕಿತ್ತು ಹುಲ್ಲನ್ನು ಉಳಿಸಿಕೊಳ್ಳಬೇಕಾಯಿತು. ನಮ್ಮ ನಾಡಿನ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಧಾಮವಾಯಿತು. ಆದರೆ ಅಲ್ಲಿಯ ಬಯಲಿನ ಬಹುಭಾಗಕ್ಕೆ ನೀಲಗಿರಿ ಮರಗಳನ್ನು ನೆಟ್ಟಿದ್ದರು. ನೆಡುತೋಪು ಬೆಳೆದಂತೆ ಹುಲ್ಲು ಕಡಮೆಯಾಯಿತು, ದೂರದ ನೋಟಕ್ಕೂ ಅಡ್ಡಿಯಾಯಿತು. ಚಿಗರಿಗಳು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಬೆಳೆ ಕಳೆದುಕೊಂಡ ರೈತನ ಸಂಕಟವೂ ಸಣ್ಣದಲ್ಲ.

ಮರ ನೆಡುವುದು ಪುಣ್ಯವೆಂಬ ಮಾತು ಸುಳ್ಳಲ್ಲ. ಎಲ್ಲಿ ನೆಡಬೇಕೆಂಬ ವಿವೇಕ ಮಾತ್ರ ಬೇಕು. ಸರಕಾರಿ ಕಾಗದದಲ್ಲಿ ಬಯಲು 'ಬಂಜರು' ಎನಿಸಿಕೊಂಡಿರಬಹುದು. ಆದರೆ ಚಿಗರಿಗೆ ಅದೇ ಕಾಡು, ಅದೇ ಕೋಟೆ. ಮರದ ಮರೆಯಲ್ಲಿ ಅಡಗಿ ಬದುಕುವ ಪ್ರಾಣಿ ಅದಲ್ಲ, ದೂರದ ವೈರಿಯನ್ನು ಮೊದಲೇ ಕಂಡು ಓಡಿ ಬದುಕುವಂಥದ್ದು. ಅದನ್ನು ಉಳಿಸಬೇಕಾದರೆ ಅದರ ಕಣ್ಣಿಗೆ ದಿಗಂತವನ್ನೂ ಉಳಿಸಿಕೊಡಬೇಕು.