ಹೊರ್ತಿ ಸೀಮೆಯ ನೀರಿನ ಪಾಳಿ

ಹೊರ್ತಿ ಇಂಡಿ ತಾಲೂಕಿನ ಒಣಬೇಸಾಯದ ಊರು, ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಉತ್ತರಕ್ಕೆ ಭೀಮೆ, ದೂರದ ದಕ್ಷಿಣಕ್ಕೆ ಕೃಷ್ಣೆ ಹರಿದರೂ ನಡುವಿನ ಈ ದಿಬ್ಬದ ನೆಲಕ್ಕೆ ಅವುಗಳ ನೀರು ತಾನಾಗಿ ಏರದು. ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದೇ ಇಲ್ಲಿನ ಹಳೆಯ ಬಾಳು.

1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ನಲುಗಿತು. ಗದಗ–ಹೊಟಗಿ ರೈಲು ಮಾರ್ಗ ಹಾಕುವಾಗ ಬರ ನಿವಾರಣೆಯೂ ಅದರ ಉದ್ದೇಶಗಳಲ್ಲೊಂದಾಗಿತ್ತು. 1884ರಲ್ಲಿ ವಿಜಯಪುರದ ಮೂಲಕ ಬಂಡಿ ಓಡಿತು. ರೈಲು ಕಾಳು ತಂದೀತು, ಆದರೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಕೂಲಿಯವರ ಮನೆಗೆ ಅದು ಮುಟ್ಟುವುದು ಕಷ್ಟವೇ ಇತ್ತು.

ನೀರಿಗಂತೂ ಜಾತಿಯ ಕಾವಲಿತ್ತು. ಈ ಸೀಮೆ ಸೇರಿದ್ದ ಮುಂಬಯಿ ಪ್ರಾಂತದ ಶಾಸನಸಭೆ 1923ರಲ್ಲಿ ಎಸ್.ಕೆ. ಬೋಲೆ ಅವರ ಠರಾವನ್ನು ಒಪ್ಪಿ, ಸರಕಾರಿ ಹಣದ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದಿತು. ಹಳ್ಳಿಗಳು ಅದಕ್ಕೆ ಕಿವಿಗೊಡಲಿಲ್ಲ. ಅದೇ ಪ್ರಾಂತದ ಮಹಾಡದಲ್ಲಿ ಅಂಬೇಡ್ಕರ್ 1927ರಲ್ಲಿ ಕೆರೆಯ ನೀರು ಮುಟ್ಟಲು ಸತ್ಯಾಗ್ರಹವನ್ನೇ ಹೂಡಬೇಕಾಯಿತು.

ದೇವರಾಜ ಅರಸು ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಅರ್ಜಿ ಹಾಕಿ ಗೆದ್ದ ಗೇಣಿದಾರರು ಹೊಲದ ಒಡೆಯರಾದರು. ಗೇಣಿಯ ಹೊಲವೂ ಇಲ್ಲದ ಕೂಲಿಕಾರರು ಎಲ್ಲಿದ್ದರೋ ಅಲ್ಲೇ ಉಳಿದರು. ಹೊಲ ಸಿಕ್ಕವರಿಗೂ ಸಿಕ್ಕಿದ್ದು ಒಣ ಹೊಲವೇ.

ಆಮೇಲೆ ಬಂದದ್ದು ಬೋರು. ಎತ್ತು ಹೂಡಿ ತೊಗಲ ಚೀಲದಲ್ಲಿ ಬಾವಿಯ ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತಿನ ಶಕ್ತಿಯೇ ನೀರಿನ ಮಿತಿಯಾಗಿತ್ತು. ಮೋಟಾರು ಆ ಮಿತಿಯನ್ನು ಅಳಿಸಿತು. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ 10 ಅಶ್ವಶಕ್ತಿವರೆಗಿನ ಪಂಪುಸೆಟ್ಟಿಗೆ ವಿದ್ಯುತ್ ಉಚಿತವಾಯಿತು. ಪಂಪು ಕೂಡ್ರಿಸಲು ಬಲವಿಲ್ಲದವರಿಗೆ ಅದರಿಂದ ಏನೂ ದಕ್ಕಲಿಲ್ಲ. ಬೋರಿನ ನೀರಿನಲ್ಲೇ ಇಂಡಿಯ ಲಿಂಬೆ ಹೆಸರಾಗಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು, ದ್ರಾಕ್ಷಿಯ ಪಡಗಳು ಎದ್ದವು. ಈ ಬೆಳೆ ನಿಜವಾದ ದುಡಿಮೆಯ ಫಲ, ಅದನ್ನು ಅಲ್ಲಗಳೆಯಲಾಗದು. ಆದರೆ ಅಂತರ್ಜಲ ಇಳಿದಂತೆ ದೊಡ್ಡ ಹಿಡುವಳಿದಾರ ಇನ್ನೊಂದು ಬೋರು ಕೊರೆಸಿದ. ಸಣ್ಣ ರೈತ ಸಾಲ ಮಾಡಿ ಕೊರೆಸಿದ ಬೋರು ಬತ್ತಿದರೆ ಗಿಡ ಉಳಿಸಲು ಟ್ಯಾಂಕರಿಗೆ ಮತ್ತೆ ಸಾಲ ಮಾಡಿದ. ಅದೂ ಆಗದ ಕುಟುಂಬಗಳು ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೊರಟವು.

ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿ ಅವರಿಂದ. ಬಚಾವತ್ ನ್ಯಾಯಮಂಡಳಿ ರಾಜ್ಯಗಳಿಗೆ ಕೃಷ್ಣೆಯ ಪಾಲು ಹಂಚಿತು. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಇಂಡಿ ಶಾಖಾ ಕಾಲುವೆ ಹರಿಯಿತು. ಕಾಲುವೆಯ ಬಾಲದಲ್ಲಿದ್ದವರ ಪಾಳಿ ಮಾತ್ರ ಎಂದೂ ಕೊನೆಯದು. 2010ರಲ್ಲಿ ಎರಡನೆಯ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿದರೂ ರಾಜ್ಯಗಳ ವ್ಯಾಜ್ಯ ಮುಗಿಯಲಿಲ್ಲ. ಪ್ರತಿ ಚುನಾವಣೆಯಲ್ಲೂ ನೀರಿನ ಭರವಸೆ ಮರಳಿ ಬಂತು.

ಹೊರ್ತಿಯ ಆರಾಧ್ಯ ರೇವಣಸಿದ್ಧೇಶ್ವರನ ಹೆಸರಿನ ಏತ ನೀರಾವರಿ ಯೋಜನೆ, ಹರಿಯದ ನೀರನ್ನು ಪಂಪಿನಿಂದ ಎತ್ತಿ ಈ ದಿಬ್ಬಕ್ಕೆ ತರುವ ಲೆಕ್ಕಾಚಾರದ್ದು. ಕಾಲುವೆ ನೀರಿನ ಹಂಚಿಕೆಗೆ ಕರ್ನಾಟಕದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಅವುಗಳ ಸದಸ್ಯತ್ವಕ್ಕೆ ಆಧಾರ ಅಚ್ಚುಕಟ್ಟಿನಲ್ಲಿರುವ ಜಮೀನು. ಜಮೀನಿಲ್ಲದ ಕೂಲಿಕಾರರಿಗೆ ಅಲ್ಲಿ ಮತವಿಲ್ಲ.