ಧುಮುಕುವ ವಿದ್ಯೆ

ನೀರಿಗೆ ಧುಮುಕುವುದು ನಮ್ಮ ನಾಡಿಗೆ ಹೊಸತಲ್ಲ. ಬಾವಿಯ ಕಟ್ಟೆಯಿಂದಲೂ ಹೊಳೆಯ ಬಂಡೆಯಿಂದಲೂ ಹಾರಿ ಮುಳುಗೇಳುವ ಹುಡುಗರನ್ನು ಹಳ್ಳಿಗಳಲ್ಲಿ ಕಾಣಬಹುದು. ಆದರೆ ಈ ಸಾಹಸವು ನಿಯಮಕ್ಕೊಳಪಟ್ಟು ಸ್ಪರ್ಧೆಯಾದುದು ಯೂರೋಪಿನಲ್ಲಿ. ಸ್ವೀಡನ್ ಮತ್ತು ಜರ್ಮನಿ ದೇಶಗಳ ಅಂಗಸಾಧಕರು ತಮ್ಮ ಲಾಗಗಳನ್ನು ನೀರಿನ ಮೇಲೆ ಪ್ರಯೋಗಿಸಿದುದರಿಂದ ಅದು ರೂಪುಗೊಂಡಿತು. ಒಲಿಂಪಿಕ್ ಕೂಟದಲ್ಲಿ 1904ರಲ್ಲಿ ಪುರುಷರಿಗೂ, 1912ರಲ್ಲಿ ಸ್ತ್ರೀಯರಿಗೂ ಈ ಸ್ಪರ್ಧೆಯು ಏರ್ಪಟ್ಟಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಕೆ. ಪಿ. ಠಕ್ಕರ್ ಅವರು ಎರಡು ಸುವರ್ಣಪದಕಗಳನ್ನು ಗಳಿಸಿದರು.

3 ಮೀಟರು ಎತ್ತರದ ಚಿಮ್ಮುಹಲಗೆ, 10 ಮೀಟರು ಎತ್ತರದ ಅಚಲವೇದಿಕೆ ಎಂಬಿವು ಇದರಲ್ಲಿ ಮುಖ್ಯವಾದುವು. ವೇದಿಕೆಯಿಂದ ಹಾರಿದವನು ಗಂಟೆಗೆ ಸುಮಾರು 50 ಕಿಲೋಮೀಟರು ವೇಗದಲ್ಲಿ ನೀರನ್ನು ತಾಕುವನು. ಮೈ ಓರೆಯಾದರೆ ನೀರೂ ಕಲ್ಲಿನಂತೆ ಬಡಿಯುವುದು. ಆದುದರಿಂದ ದೇಹವನ್ನು ನೆಟ್ಟಗಿರಿಸಿ, ನೀರು ಹೆಚ್ಚಾಗಿ ಚಿಮ್ಮದಂತೆ ಇಳಿಯುವುದೇ ಜಾಣ್ಮೆ. ತೀರ್ಪುಗಾರರು ಸೊನ್ನೆಯಿಂದ 10ರವರೆಗೆ ಅಂಕಗಳನ್ನೀಯುವರು. ಅತ್ಯಧಿಕವನ್ನೂ ಅತ್ಯಲ್ಪವನ್ನೂ ಬಿಟ್ಟು, ಉಳಿದವುಗಳ ಮೊತ್ತವನ್ನು ಆ ಧುಮುಕಿನ ಕಷ್ಟಮಾನದಿಂದ ಗುಣಿಸುವರು.

ಮೈಸೂರಿನ ಕುವೆಂಪುನಗರಕ್ಕೆ ಸಮೀಪವಾದ ಸರಸ್ವತೀಪುರದಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳವಿದೆ. ಈಜು ಕಲಿತ ಬಾಲಕನಿಗೆ ಧುಮುಕುವ ಆಸೆ ಹುಟ್ಟುವುದು ಸಹಜ. 10 ಮೀಟರಿನ ವೇದಿಕೆಯ ಕೆಳಗೆ ಸುಮಾರು 5 ಮೀಟರು ಆಳದ ನೀರಿರಬೇಕೆಂಬುದನ್ನು ಅವನು ಮೊದಲು ತಿಳಿಯಲಿ. ಆಳವರಿಯದ ಕೆರೆಗೆ ತಲೆಕೆಳಗಾಗಿ ಹಾರಿ ಕತ್ತು ಮುರಿದುಕೊಂಡವರುಂಟು. ಅವರಲ್ಲಿ ಧೈರ್ಯಕ್ಕೇನೂ ಕೊರತೆಯಿರಲಿಲ್ಲ.