ಮನೆಯ ಈಜುಕೊಳದ ಹೀಟರ್: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ ತಕ್ಕ ಆಯ್ಕೆ

ಪಂಪಿನಿಂದ ಎಳೆದು ಸೋಸಿದ ಕೊಳದ ನೀರನ್ನು ಒಂದೆರಡು ಡಿಗ್ರಿಯಷ್ಟು ಬೆಚ್ಚಗೆ ಮಾಡಿ ಮತ್ತೆ ಕೊಳಕ್ಕೇ ಬಿಡುವ ಸಾಧನವನ್ನು ಈಜುಕೊಳದ ಹೀಟರ್ ಎನ್ನುತ್ತಾರೆ. ಬಚ್ಚಲುಮನೆಯ ಗೀಸರ್ ಕೆಲವೇ ಕೊಡ ನೀರನ್ನು ಬಹಳ ಬಿಸಿ ಮಾಡುತ್ತದೆ. ಈಜುಕೊಳದ ಹೀಟರ್ ಹತ್ತಾರು ಸಾವಿರ ಲೀಟರ್ ನೀರಿಗೆ ಅಲ್ಪ ಬಿಸುಪು ಕೊಟ್ಟು, ಅದನ್ನು ಹಗಲಿರುಳು ಆರದಂತೆ ಕಾಯ್ದುಕೊಳ್ಳಬೇಕಾಗುತ್ತದೆ. ಆದ್ದರಿಂದ ಇದರ ಆಯ್ಕೆಯಲ್ಲಿ ಕೊಳದ ಗಾತ್ರಕ್ಕಿಂತಲೂ ಕೊಳವಿರುವ ಊರಿನ ಬಿಸಿಲು, ಗಾಳಿ, ವಿದ್ಯುತ್ ಸೌಕರ್ಯ ಮತ್ತು ನೀರಿನ ಗುಣ ಹೆಚ್ಚು ನಿರ್ಣಾಯಕವಾಗುತ್ತವೆ.

ತುಮಕೂರು ನಗರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಅದರ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದ ಗುಬ್ಬಿಯೂ ದಕ್ಷಿಣದ ಕುಣಿಗಲ್ಲೂ ಇದೇ ಮೈದಾನದ ಭಾಗಗಳು. ಇಲ್ಲಿ ಹಿಮ ಬೀಳುವುದಿಲ್ಲ, ಕೊಳ ಹೆಪ್ಪುಗಟ್ಟುವುದಿಲ್ಲ. ಮಾರ್ಚ್‌ನಿಂದ ಮೇ ವರೆಗೆ ನೀರನ್ನು ಕಾಯಿಸುವ ಅಗತ್ಯವೇ ಇರುವುದಿಲ್ಲ. ತೊಂದರೆಯಾಗುವುದು ಎರಡು ಕಾಲಗಳಲ್ಲಿ. ಡಿಸೆಂಬರ್, ಜನವರಿಯ ಮಾಗಿ ಚಳಿಯಲ್ಲಿ ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದು ಕೊಳದ ನೀರು ಬೆಳಗಿನ ಹೊತ್ತಿಗೆ ಮೈಕೊರೆಯುವಷ್ಟು ತಣ್ಣಗಾಗುತ್ತದೆ; ಜೂನ್‌ನಿಂದ ಆಗಸ್ಟ್‌ವರೆಗೆ ಚಳಿ ಹೆಚ್ಚಿಲ್ಲದಿದ್ದರೂ ಮೋಡ ಮುಸುಕಿ, ಆಷಾಢದ ಗಾಳಿ ಬೀಸಿ, ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ವಿನೋದಕ್ಕಾಗಿ ಈಜುವವರಿಗೆ 26ರಿಂದ 28 ಡಿಗ್ರಿಯ ನೀರು ಹಿತಕರ. ಪುಟ್ಟ ಮಕ್ಕಳಿಗೂ ವಯಸ್ಸಾದವರಿಗೂ 30 ಡಿಗ್ರಿಯವರೆಗೆ ಬೇಕಾಗಬಹುದು. ಹೀಗಾಗಿ ಈ ಸೀಮೆಯಲ್ಲಿ ಹೀಟರ್ ತುಂಬಬೇಕಾದ ಕೊರತೆ ಸಾಮಾನ್ಯವಾಗಿ ಐದಾರು ಡಿಗ್ರಿಗಳದು.

ಈ ಐದು ಡಿಗ್ರಿಯ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ಹೀಟರ್ ಕೊಳ್ಳಬೇಕು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 38,400 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 45 ಕಿಲೋವಾಟ್-ಗಂಟೆ, ಅಂದರೆ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 45 ಯೂನಿಟ್, ಶಾಖ ಬೇಕು. ಐದು ಡಿಗ್ರಿಗೆ ಸುಮಾರು 223 ಯೂನಿಟ್. ಆದರೆ ಇದು ಮೊದಲ ಸಲ ಕಾಯಿಸುವ ಖರ್ಚು ಮಾತ್ರ. ಆ ಬಳಿಕ ಪ್ರತಿದಿನ ಸೋರಿಹೋಗುವ ಶಾಖವನ್ನು ಮರಳಿ ತುಂಬುತ್ತಲೇ ಇರಬೇಕು, ಮತ್ತು ಆ ಸೋರಿಕೆಯ ಬಹುಪಾಲು ನೀರು ಆವಿಯಾಗುವುದರಿಂದಲೇ ಆಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಮೇಲಿನ ಕೊಳದಿಂದ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಯಿತೆಂದು ಹಿಡಿದರೆ 160 ಲೀಟರ್ ನೀರೂ ಸುಮಾರು 108 ಯೂನಿಟ್ ಶಾಖವೂ ಹೋದಂತೆ. ಬಿಸಿಲು ಅದನ್ನು ತುಂಬಿಕೊಡದಿದ್ದರೆ ಕೊಳ ಒಂದೇ ದಿನದಲ್ಲಿ ಎರಡು ಡಿಗ್ರಿಗೂ ಹೆಚ್ಚು ತಣಿಯುತ್ತದೆ.

ಆದ್ದರಿಂದ ಹೀಟರಿಗಿಂತ ಮೊದಲು ಕೊಳ್ಳಬೇಕಾದ್ದು ಹೊದಿಕೆ. ಗಾಳಿಗುಳ್ಳೆಗಳಿರುವ ತೇಲುವ ಪ್ಲಾಸ್ಟಿಕ್ ಹಾಳೆಯನ್ನು ರಾತ್ರಿ ಹೊದಿಸಿಟ್ಟರೆ ಆವಿಯಾಗುವಿಕೆ ಬಹುಮಟ್ಟಿಗೆ ನಿಂತು, ಕಾಯಿಸುವ ಖರ್ಚು ಅರ್ಧಕ್ಕಿಂತಲೂ ಕಡಿಮೆಯಾಗಬಲ್ಲದು. ಇದೇ ಹಾಳೆ ನೀರನ್ನೂ ಉಳಿಸುತ್ತದೆ: ಇಲ್ಲದಿದ್ದರೆ ಆವಿಯಾಗಿ ಹೋಗುವುದು ದಿನಕ್ಕೆ 160 ಲೀಟರ್, ಅಂದರೆ ತಿಂಗಳಿಗೆ 4,800 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಹೇಮಾವತಿ ನಾಲೆಯ ನೀರನ್ನು ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿಕೊಂಡು ಕುಡಿಯುವ ನಗರದಲ್ಲಿ, ಕೊಳವೆಬಾವಿ ಬತ್ತುವ ಭಯದಲ್ಲೇ ತೋಟ ಸಾಕುವ ಹಳ್ಳಿಗಳ ನಡುವೆ, ಖಾಸಗಿ ಕೊಳದ ಮಾಲೀಕರು ಈ ಉಳಿತಾಯವನ್ನು ಕರ್ತವ್ಯವೆಂದೇ ತಿಳಿಯಬೇಕು. ಮಕ್ಕಳಿರುವ ಮನೆಯಲ್ಲಿ ಮಾತ್ರ ಬಹಳ ಎಚ್ಚರ ಬೇಕು. ತೇಲುವ ಹಾಳೆ ಮಗುವಿನ ಭಾರವನ್ನು ತಾಳುವುದಿಲ್ಲ, ಕೆಳಗೆ ಸಿಲುಕಿದ ಮಗು ಮೇಲಿನವರ ಕಣ್ಣಿಗೆ ಬೀಳುವುದೂ ಇಲ್ಲ; ಆದ್ದರಿಂದ ಕೊಳಕ್ಕೆ ಬೀಗವಿರುವ ಬೇಲಿ ಇರಲೇಬೇಕು, ಈಜುವಾಗ ಹಾಳೆಯನ್ನು ಪೂರ್ತಿಯಾಗಿ ತೆಗೆದಿರಬೇಕು.

ಕಾಯಿಸುವ ಸಾಧನಗಳಲ್ಲಿ ಈ ಸೀಮೆಗೆ ಸಹಜವಾಗಿ ಒಗ್ಗುವುದು ಸೌರಶಾಖ. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಸ್ಥಾಪನೆಯಾಗಲು ಕಾರಣವಾದ ನಿಚ್ಚಳ ಬಿಸಿಲು, ಅಷ್ಟೇ ಪ್ರಖರವಾಗಿ ಅಲ್ಲದಿದ್ದರೂ, ಗುಬ್ಬಿ ಮತ್ತು ಕುಣಿಗಲ್ಲಿನ ಮಾಳಿಗೆಗಳ ಮೇಲೂ ಬೀಳುತ್ತದೆ. ಆದರೆ ಮನೆಮನೆಯ ತಾರಸಿಯ ಮೇಲೆ ಕಾಣುವ ಗಾಜಿನ ಕೊಳವೆಗಳ ಸೋಲಾರ್ ಹೀಟರ್ ಈಜುಕೊಳಕ್ಕೆ ಹೊಂದುವುದಿಲ್ಲ. 200 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸುವ ಅಂಥ ಘಟಕ ದಿನಕ್ಕೆ ಕೊಡುವುದು ಸುಮಾರು 8 ಯೂನಿಟ್ ಶಾಖವನ್ನು. ಅದರಿಂದ ಕೊಳದ ಉಷ್ಣತೆ 0.2 ಡಿಗ್ರಿಯಷ್ಟೂ ಏರುವುದಿಲ್ಲ. ಕೊಳಕ್ಕೆ ಬೇಕಾದ್ದು ಗಾಜಿಲ್ಲದ, ಕಪ್ಪು ಪಾಲಿಪ್ರೊಪಿಲೀನ್ ಅಥವಾ ರಬ್ಬರ್ ಕೊಳವೆಗಳ ಅಗ್ಗದ ಹಾಸು. ನೀರು ಸುತ್ತಲಿನ ಗಾಳಿಗಿಂತ ಹೆಚ್ಚು ಬಿಸಿಯಾಗಬೇಕಿಲ್ಲವಾದ್ದರಿಂದ ಗಾಜಿನ ರಕ್ಷಣೆಯಿಲ್ಲದಿದ್ದರೂ ಹೆಚ್ಚು ಶಾಖ ಪೋಲಾಗುವುದಿಲ್ಲ. ಹಾಸಿನ ವಿಸ್ತೀರ್ಣ ಕೊಳದ ಮೇಲ್ಮೈಯ ಅರ್ಧದಿಂದ ಪೂರ್ತಿಯವರೆಗೆ ಇರುವುದು ರೂಢಿ. 20 ಚದರ ಮೀಟರಿನ ಹಾಸು ಒಳ್ಳೆಯ ಬಿಸಿಲಿನ ದಿನ ಸುಮಾರು 50 ಯೂನಿಟ್ ಶಾಖ ಕೊಡಬಲ್ಲದು. ತುಮಕೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಮಾಗಿಯ ಬಿಸಿಲನ್ನು ಹಿಡಿಯಲು ಹಾಸನ್ನು ದಕ್ಷಿಣಕ್ಕೆ 25 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿಸುವುದು ಸೂಕ್ತ. ತೆಂಗು, ಅಡಿಕೆಯ ನೆರಳಿನಲ್ಲಿರುವ ತೋಟದ ಮನೆಗಳು ಮಾತ್ರ ಈ ಲಾಭದಿಂದ ವಂಚಿತವಾಗುತ್ತವೆ; ನೆರಳಿನ ಕೊಳಕ್ಕೆ ನೇರ ಬಿಸಿಲೂ ಇಲ್ಲ, ಉದುರುವ ಗರಿ, ಹೊಂಬಾಳೆಗಳ ಕಸವೂ ತಪ್ಪದು.

ಬಿಸಿಲಿಲ್ಲದ ದಿನಗಳಿಗೆ ಆಸರೆಯಾಗುವುದು ಹೀಟ್ ಪಂಪ್. ಇದು ಏರ್ ಕಂಡಿಷನರಿನ ತತ್ತ್ವದ ಮೇಲೆಯೇ ನಡೆಯುವ ಯಂತ್ರವಾದರೂ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ವರ್ಗಾಯಿಸುತ್ತದೆ. ವಿದ್ಯುತ್ತನ್ನು ನೇರವಾಗಿ ಶಾಖವಾಗಿಸದೆ ಶಾಖವನ್ನು ಸಾಗಿಸಲು ಮಾತ್ರ ಬಳಸುವುದರಿಂದ, 25 ಡಿಗ್ರಿಯ ಗಾಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಐದರಷ್ಟು ಯೂನಿಟ್ ಶಾಖ ದೊರೆಯುತ್ತದೆ. ಗಾಳಿ ತಣ್ಣಗಾದಷ್ಟೂ ಈ ಲಾಭ ಕುಗ್ಗುವುದರಿಂದ ಯಂತ್ರವನ್ನು ನಸುಕಿನಲ್ಲಿ ಓಡಿಸದೆ ಮಧ್ಯಾಹ್ನ ಓಡಿಸಬೇಕು. ಚಳಿಗಾಲದಲ್ಲೂ ಮಧ್ಯಾಹ್ನದ ಗಾಳಿ ಬೆಚ್ಚಗಿರುವ ಈ ಮೈದಾನಕ್ಕೆ ಹೀಟ್ ಪಂಪ್ ಚಳಿದೇಶಗಳಿಗಿಂತ ಚೆನ್ನಾಗಿ ಒಗ್ಗುತ್ತದೆ. ಹೊದಿಕೆಯಿರುವ ಮೇಲಿನ ಕೊಳಕ್ಕೆ 9 ಕಿಲೋವಾಟ್ ಶಾಖ ಕೊಡುವ ಯಂತ್ರ ದಿನಕ್ಕೆ ಆರು ಗಂಟೆ ಓಡಿದರೆ ಬಹುತೇಕ ಸಾಕು. ಅದು ಸುಡುವ ವಿದ್ಯುತ್ ಸುಮಾರು 11 ಯೂನಿಟ್, ಹೆಚ್ಚುಕಡಿಮೆ 3 ಕಿಲೋವಾಟ್‌ನ ಸೌರಫಲಕಗಳ ಒಂದು ದಿನದ ಉತ್ಪಾದನೆ. ಯಂತ್ರದಿಂದ ತೊಟ್ಟಿಕ್ಕುವ ನೀರನ್ನು ಹಲವರು ಸೋರಿಕೆಯೆಂದು ಭ್ರಮಿಸುವುದುಂಟು; ಅದು ಗಾಳಿಯ ತೇವ ತಣಿದು ಹನಿಗೂಡಿದ ನೀರು.

ಹಳ್ಳಿಯ ಕಡೆಯ ಮನೆಗಳಲ್ಲಿ ಇನ್ನೊಂದು ವಿಚಾರವಿದೆ. ನೀರಾವರಿ ಮಾರ್ಗದ ತ್ರೀ ಫೇಸ್ ವಿದ್ಯುತ್ ದಿನದ ಕೆಲವೇ ಗಂಟೆಗಳಿಗೆ ಸೀಮಿತ, ಮತ್ತು 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಸರ್ಕಾರ ಕೊಡುವ ಉಚಿತ ವಿದ್ಯುತ್ ಬೇಸಾಯಕ್ಕೆ ಮೀಸಲು. ಅದನ್ನು ಈಜುಕೊಳಕ್ಕೆ ತಿರುಗಿಸುವುದು ಅಕ್ರಮವೂ ಅನ್ಯಾಯವೂ ಹೌದು. ಆದ್ದರಿಂದ ಗೃಹಬಳಕೆಯ ಸಂಪರ್ಕದಲ್ಲಿ ನಡೆಯುವ ಸಿಂಗಲ್ ಫೇಸ್ ಯಂತ್ರವನ್ನು ಆರಿಸಿ, ಮಂಜೂರಾದ ಲೋಡ್ ಸಾಲದಿದ್ದರೆ ವಿದ್ಯುತ್ ಕಂಪನಿಯಾದ ಬೆಸ್ಕಾಂನಿಂದ ಹೆಚ್ಚಿಸಿಕೊಳ್ಳಬೇಕು.

ಉಳಿದ ಸಾಧನಗಳ ವಿಷಯ ಚಿಕ್ಕದು. ಕಾಯಿಲ್ ಇರುವ ನೇರ ವಿದ್ಯುತ್ ಹೀಟರ್ ಕೊಳ್ಳಲು ಅಗ್ಗ, ನಡೆಸಲು ದುಬಾರಿ. ಅದು ಮೇಲಿನ 223 ಯೂನಿಟ್ಟುಗಳನ್ನೂ ಮೀಟರಿನಿಂದಲೇ ಎಳೆಯುತ್ತದೆ. ಅನಿಲದ ಹೀಟರ್ ಬಹುಬೇಗ ಕಾಯಿಸುತ್ತದೆ, ಆದರೆ ಆ ಐದು ಡಿಗ್ರಿಗೆ 19 ಕೆ.ಜಿ.ಯ ಒಂದು ವಾಣಿಜ್ಯ ಸಿಲಿಂಡರ್ ಸಾಲದು. ತೆಂಗಿನ ಚಿಪ್ಪು, ಮಟ್ಟೆ ಉರಿಸುವ ಬಾಯ್ಲರ್ ತೋಟದವರಿಗೆ ಆಕರ್ಷಕವಾಗಿ ಕಂಡರೂ ಅಷ್ಟೇ ಶಾಖಕ್ಕೆ ಸುಮಾರು 70 ಕೆ.ಜಿ. ಒಣ ಚಿಪ್ಪು, ಜೊತೆಗೆ ಒಬ್ಬರ ಇಡೀ ದಿನದ ದುಡಿಮೆ ಬೇಕಾಗುತ್ತದೆ.

ಯಾವ ಸಾಧನವನ್ನೇ ಆರಿಸಿದರೂ ನೀರಿನ ಗಡಸುತನವನ್ನು ಮೊದಲೇ ಪರೀಕ್ಷಿಸಬೇಕು. ಈ ಭಾಗದ ಕಲ್ಲುನೆಲದ ಕೊಳವೆಬಾವಿಗಳ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿಯಾದ ಲೋಹದ ಮೇಲೆ ಬಿಳಿ ಹಕ್ಕಳೆಯಾಗಿ ಕಟ್ಟಿಕೊಂಡು ಶಾಖ ದಾಟದಂತೆ ಮಾಡುತ್ತದೆ. ನೀರು ಆಮ್ಲೀಯವಾದರೆ ತಾಮ್ರದ ಕೊಳವೆಗಳು ಸವೆಯುತ್ತವೆ. ಪಿಎಚ್ ಮೌಲ್ಯವನ್ನು 7.2ರಿಂದ 7.6ರ ನಡುವೆ ಕಾಪಾಡಿ, ಕ್ಲೋರಿನ್ನಿಗೆ ಜಗ್ಗದ ಟೈಟಾನಿಯಂ ಶಾಖವಿನಿಮಯಕವಿರುವ ಯಂತ್ರವನ್ನು ಆರಿಸಿದರೆ ಬಾಳಿಕೆ ಹೆಚ್ಚು. ಜೋಡಣೆಯಲ್ಲಿ ಪಂಪ್, ಸೋಸುಕ, ಹೀಟರ್, ಕೊನೆಗೆ ಕ್ಲೋರಿನ್ ಘಟಕ ಎಂಬ ಅನುಕ್ರಮ ತಪ್ಪಬಾರದು. ಕ್ಲೋರಿನ್ ಹಿಮ್ಮುಖವಾಗಿ ಹೀಟರಿಗೆ ನುಗ್ಗದಂತೆ ಏಕಮುಖ ಕವಾಟವನ್ನೂ, ಬೇಸಿಗೆಯಲ್ಲಿ ನೀರು ಹೀಟರಿನೊಳಗೆ ಹೋಗದೆ ಪಕ್ಕದಿಂದ ಹಾದುಹೋಗುವಂತೆ ಬೈಪಾಸ್ ಕೊಳವೆಯನ್ನೂ ಅಳವಡಿಸಬೇಕು.